ನಮ್ಮತ್ತೆ ಹೊತ್ತು ತಂದ ಕುರ್ಚಿ

ನಮ್ಮ ಸೋದರತ್ತೆಗೆ ಕುರ್ಚಿ ಕಂಡರೆ ಆಗುವುದಿಲ್ಲ! ಹೀಗಂದರೆ ನೀವು ನಗುತ್ತೀರಿ. ಜನಕ್ಕೆ ಬೆಕ್ಕು ಕಂಡರೆ ಆಗುವುದಿಲ್ಲ, ನಾದಿನಿ ಕಂಡರೆ ಆಗುವುದಿಲ್ಲ, ಹಾಗಲಕಾಯಿ ಕಂಡರೆ ಆಗುವುದಿಲ್ಲ. ಕುರ್ಚಿ ಪಾಪ ಏನು ಮಾಡಿತ್ತು? ಆದರೆ ಮಾತು ನಿಜ. ಯಾರ ಮನೆಗೆ ಹೋದರೂ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ ನೆಲದ ಮೇಲೆ ಕಾಲು ಮಡಿಚಿ ಕೂರುವುದು ಅವಳ ಪದ್ಧತಿ. ಒಮ್ಮೆ ಮೈ ಹುಷಾರಿಲ್ಲ ಅಂದಳು ಅಂತ ನಂಜನಗೂಡಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು "ಕೂತ್ಕೊಳ್ಳಿ ಅಮ್ಮಾ" ಅಂದು ಚೀಟಿ ಬರೆಯಲು ತಲೆ ಬಗ್ಗಿಸಿದರು. ತಲೆ ಎತ್ತಿ ನೋಡಿದರೆ ರೋಗಿಯೇ ಇಲ್ಲ! ಮೇಜಿನ ಆಚೆ, ನೆಲದ ಕಡೆಯಿಂದ "ಇಲ್ಲೇ ಇವ್ನಿ ಸಾ, ಕೇಳಿ" ಅಂತ ಧ್ವನಿ ಬಂತು. ಪಾಪ, ಡಾಕ್ಟರು ಸ್ಟೆತಸ್ಕೋಪು ಹಿಡಿದುಕೊಂಡು ಮೇಜು ಸುತ್ತಿ ಬಂದು ಮಂಡಿಯೂರಿ ಎದೆ ಪರೀಕ್ಷೆ ಮಾಡಿದರು.

"ಯಾಕತ್ತೆ, ಕುರ್ಚಿ ಮೇಲೆ ಕೂತರೆ ಏನಾಗುತ್ತೆ ನಿಂಗೆ?" ಅಂತ ಕೇಳಿದರೆ ಅವಳ ಉತ್ತರ ಸಿದ್ಧ. "ಕುರ್ಚಿ ಮ್ಯಾಲೆ ಕುಂತೋರು ಮತ್ತೆ ಎದ್ದಿದ್ದ ನಾ ನೋಡಿಲ್ಲ ಕಣ್ಲಾ!"

ಇಂಥ ಹೆಂಗಸು ಒಂದಲ್ಲ, ಎರಡು ಸಲ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಬಸ್ಸು ಹತ್ತಿದಳು ಅಂದರೆ ನಂಬುತ್ತೀರಾ? ಅದರಲ್ಲಿ ಎರಡನೆಯ ಸಲ ಹೊತ್ತು ತಂದದ್ದು ನನ್ನ ಕುರ್ಚಿಯನ್ನು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಅತ್ತೆಯ ಊರು ತಿ. ನರಸೀಪುರದ ಸೀಮೆಯಲ್ಲಿ, ಹೆಮ್ಮಿಗೆಯ ಆಸುಪಾಸಿನಲ್ಲಿದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿನ ಹಳೆಯ ಪುಢಾರಿಗಳು ನನ್ನ ಮೇಲೆ ಏರಿ ಬಂದಾರು. ಎರಡು ಸೀಮೆ ಹಸು, ಒಂದು ಎಮ್ಮೆ, ಒಂದಿಷ್ಟು ಗದ್ದೆ. ಮಾವ ಬಾಯಿಲ್ಲದ ಮನುಷ್ಯ; ಇಬ್ಬರ ಪಾಲಿನ ಮಾತನ್ನೂ ಅತ್ತೆಯೇ ಆಡಿ ಮುಗಿಸುತ್ತಿದ್ದಳು. ದಿನಕ್ಕೆರಡು ಸಲ ಡೈರಿಗೆ ಹಾಲು ಹಾಕಿ ಹಾಕಿ ಅವಳಿಗೆ ಎರಡು ಚಟ ಅಂಟಿಕೊಂಡಿದ್ದವು. ಏನೇ ಕೊಟ್ಟರೂ ಕೊಟ್ಟಿದ್ದಕ್ಕೆ ಚೀಟಿ ಕೇಳುವುದು ಒಂದು. ಪರೀಕ್ಷೆ ಮಾಡದೆ ಯಾವುದನ್ನೂ ನಂಬದಿರುವುದು ಇನ್ನೊಂದು. ಡೈರಿಯಲ್ಲಿ ಹಾಲಿನೊಳಕ್ಕೆ ಗಾಜಿನ ಕೊಳವೆ ಇಳಿಬಿಟ್ಟು ನೀರು ಬೆರೆತಿದೆಯೋ ಅಂತ ನೋಡುತ್ತಾರಲ್ಲ, ಹಾಗೆ ಇವಳು ಬೀದಿಯಲ್ಲಿ ಸಿಕ್ಕಿದ ಸ್ಕೂಲು ಮಕ್ಕಳನ್ನೆಲ್ಲ ನಿಲ್ಲಿಸಿ ಲೆಕ್ಕ ಕೇಳುತ್ತಿದ್ದಳು. "ಒತ್ತಾರೆ ಆರೂವರೆ ಲೀಟ್ರು, ಸಂದೆಗೆ ಐದೂ ಮುಕ್ಕಾಲು. ಒಟ್ಟು ಎಷ್ಟ್ಲಾ?" ಹಾಲಿನ ಕ್ಯಾನು ದೂರದಲ್ಲಿ ಕಂಡರೆ ಸಾಕು, ಮಕ್ಕಳು ಪಕ್ಕದ ಸಂದಿಗೆ ನುಗ್ಗುತ್ತಿದ್ದವು. ಒಂದು ದಿನ ಹೆಡ್ಮಾಸ್ಟರೇ ನುಗ್ಗಿದ್ದನ್ನು ಕಂಡವರಿದ್ದಾರೆ.

ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ನಡುವೆ ಹತ್ತು ವರ್ಷದ ಅಂತರ. ದೊಡ್ಡವಳು ತೊಂಬತ್ತರ ದಶಕದಲ್ಲಿ ಅದೇ ಊರಿನ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಕೂತಳು. ಎಲ್ಲದರಲ್ಲೂ ಪಾಸು, ಗಣಿತದಲ್ಲಿ ಫೇಲು. ಮತ್ತೆ ಕಟ್ಟಿದಳು, ಮತ್ತೆ ಫೇಲು. ಮೂರನೆಯ ಸಲವೂ ಅದೇ ಕಥೆ. ನಾನು ಆಗ ತಾನೇ ಬಿ.ಎಡ್. ಮುಗಿಸಿ ಗಣಿತದ ಮೇಷ್ಟ್ರಾಗಿ ಕೆಲಸಕ್ಕೆ ಸೇರಿದ್ದೆ. ನಮ್ಮ ವಂಶದಲ್ಲೇ ಮೊದಲ ಪಂಡಿತ. ಅತ್ತೆ ನನ್ನನ್ನು ಕರೆಸಿ, ಹೋಳಿಗೆ ಬಡಿಸಿ, "ಇವಳ್ನ ಒಸಿ ನೋಡ್ಲಾ" ಅಂದಳು. ನಾನು ಬಾಯಿ ಒರೆಸಿಕೊಂಡು ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡೆ. "ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಎಷ್ಟು?" ಅಂದೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ಇನ್ನೆರಡು ಪ್ರಶ್ನೆ ಕೇಳಿದೆ; ಮತ್ತೆ ಪಿಳಿಪಿಳಿ. ಪುಸ್ತಕ ಮುಚ್ಚಿ ತೀರ್ಪು ಕೊಟ್ಟೆ: "ಅತ್ತೆ, ಇವಳ ತಲೆಗೆ ಗಣಿತ ಹತ್ತಲ್ಲ. ಸುಮ್ನೆ ಯಾಕೆ ಪದೇಪದೇ ಪರೀಕ್ಷೆ ಕಟ್ಟಿಸ್ತೀಯ?" ಇಷ್ಟು ಹೇಳಲು ನನಗೆ ಹತ್ತು ನಿಮಿಷ ಸಾಕಾಯಿತು. ಆ ವರ್ಷವೇ ಅವಳನ್ನು ಹದಿನಾರು ಅನ್ನುವ ಊರಿನ ಕಡೆ ಕೊಟ್ಟು ಮದುವೆ ಮಾಡಿದರು. ನಾನು ಮದುವೆಗೆ ಹೋಗಿ ಉಂಡು ಬಂದೆ, ನಾನು ಹೇಳಿದ್ದ ಮಾತನ್ನು ಮರೆತೇಬಿಟ್ಟೆ.

ಆಮೇಲೆ ಕೆಲವು ವರ್ಷಕ್ಕೆ ಸರ್ಕಾರ ಒಂದು ಹೊಸ ವ್ಯವಸ್ಥೆ ತಂದಿತು. ಸ್ಕೂಲಿನ ಉಸ್ತುವಾರಿಗೆ ಮಕ್ಕಳ ತಂದೆತಾಯಿಗಳದೇ ಒಂದು ಸಮಿತಿ ಇರಬೇಕು, ಅದರಲ್ಲಿ ಹೆಂಗಸರೂ ಇರಬೇಕು ಅಂತ. ಅತ್ತೆಯ ಚಿಕ್ಕಮಗಳು ಆಗ ಎಂಟನೇ ಕ್ಲಾಸು. ಊರಿನಲ್ಲಿ ಒಬ್ಬ ಕಂಟ್ರಾಕ್ಟರು ಮೊದಲಿನಿಂದ ಸ್ಕೂಲಿನ ಯಜಮಾನಿಕೆ ಮಾಡಿಕೊಂಡಿದ್ದ. ಆತನಿಗೆ ಬೇಕಾಗಿದ್ದದ್ದು ತೋರಿಸಿದ ಕಡೆ ಸೈನು ಹಾಕುವ ಒಂದು ಕೈ. ಮೂರನೇ ಕ್ಲಾಸಿಗೆ ಓದು ಬಿಟ್ಟ ಹೆಂಗಸು, ಸುಮ್ಮನೆ ಸೈನು ಹಾಕಿಕೊಂಡು ಬಿದ್ದಿರುತ್ತಾಳೆ ಅಂತ ಎಲ್ಲರೂ ಸೇರಿ ಅತ್ತೆಯನ್ನೇ ಅಧ್ಯಕ್ಷೆ ಮಾಡಿದರು. ಆ ಊರು ಹುಟ್ಟಿದಾಗಿನಿಂದ ಅಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು ನಡೆದಿರಲಿಕ್ಕಿಲ್ಲ!

ಮೊದಲ ಸಭೆ. ಹಿಂದೆಲ್ಲ ಸಭೆ ಅಂದರೆ ಒಂದು ಟೀ, ಎರಡು ಬಿಸ್ಕತ್ತು, ಆರು ಸೈನು. ಹದಿನೈದು ನಿಮಿಷದಲ್ಲಿ ಎಲ್ಲರೂ ಮನೆಗೆ. ಅತ್ತೆ ನೆಲದ ಮೇಲೆ ಕೂತು, ನಡಾವಳಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು. "ಕಳ್ದ ಸಭೇಲಿ ಏಳಿದ್ನ ಎಲ್ರೂ ಇವತ್ತು ಓದಿ ಒಪ್ಪವ್ರೆ ಅಂತ ಬರ್ದದೆ. ಯಾರ್ ಓದ್ದೋರು? ನಾನ್ ಕೇಳ್ನೇ ಇಲ್ವಲ್ಲ!" ಕಂಟ್ರಾಕ್ಟರು ಎರಡು ಸಲ ಗಡಿಯಾರ ನೋಡಿಕೊಂಡ. ಅವಳು ಆ ಪುಸ್ತಕ ಮುಗಿಸಿ "ಇನ್ನೇನೈತೆ ತನ್ನಿ" ಅಂದಳು. ಹೆಡ್ಮಾಸ್ಟರಿಗೆ ಏನು ಕೊಡಬೇಕೋ ತೋಚದೆ ಮೇಷ್ಟ್ರುಗಳ ಹಾಜರಿ ಪುಸ್ತಕ ಕೊಟ್ಟರು. ಅದರಲ್ಲಿ ಒಂದು ಹೆಸರಿನ ಮುಂದೆ ದಿನವೂ ಸೈನಿಲ್ಲ, ಕೆಂಪು ಇಂಕಿನಲ್ಲಿ ಒಂದೇ ಮಾತು: ನಿಯೋಜನೆ.

"ಅಂಗಂದ್ರೆ ಏನ್ ಸಾ?"

"ಡೆಪ್ಯುಟೇಶನ್ ಅಂತ ಅಮ್ಮಾ. ಆ ಮೇಷ್ಟ್ರನ್ನ ಪೇಟೆಯ ಶಿಕ್ಷಣ ಕಚೇರಿಗೆ ಹಾಕ್ಕೊಂಡಿದ್ದಾರೆ. ಲೆಕ್ಕದಲ್ಲಿ ಇಲ್ಲಿರ್ತಾರೆ, ಕೆಲಸ ಮಾತ್ರ ಅಲ್ಲಿ."

"ಯಾವ್ ಪಾಠದ ಮೇಷ್ಟ್ರು?"

"ಗಣಿತ."

"ಮತ್ತೆ ಇಲ್ಲಿ ಮಕ್ಕಳ್ಗೆ ಗಣಿತ ಯಾರ್ ಮಾಡ್ತಾವ್ರೆ?"

"ಹಿಂದಿ ಮೇಷ್ಟ್ರು ನೋಡ್ಕೋತಾರೆ."

"ಅವ್ರಿಗೆ ಗಣಿತ ಬತ್ತದಾ?"

ಹೆಡ್ಮಾಸ್ಟರು ಸ್ವಲ್ಪ ಯೋಚಿಸಿ ಹೇಳಿದರಂತೆ: "ಹಿಂದಿ ಚೆನ್ನಾಗಿ ಬರುತ್ತೆ."

"ಎಷ್ಟ್ ವರ್ಷ ಆಯ್ತು ಈ ಡೆಪ್ಟೇಸನ್ನು?" ಅಂತ ಅತ್ತೆ ಕೇಳಿದಳು. ಅವರು ಹೇಳಿದರು. ಅತ್ತೆ ಬೆರಳು ಮಡಿಚಿ ಹಿಂದಕ್ಕೆ ಎಣಿಸುತ್ತಾ ಹೋದಳು. ಎಣಿಕೆ ದೊಡ್ಡಮಗಳು ಹೈಸ್ಕೂಲಿಗೆ ಸೇರಿದ ವರ್ಷವನ್ನೂ ದಾಟಿತು. ಪುಸ್ತಕ ಮುಚ್ಚಿ ಎದ್ದು ಹೋದಳು. ಅವತ್ತು ಯಾವುದಕ್ಕೂ ಸೈನು ಬೀಳಲಿಲ್ಲ.

ಮಾರನೆಯ ದಿನ ಬೆಳಗಿನ ಹಾಲು ಹಾಕಿ ನೇರ ಸ್ಕೂಲಿಗೆ ಬಂದವಳು ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಗಣಿತದ ಮೇಷ್ಟ್ರ ಕುರ್ಚಿಯ ಧೂಳು ಕೊಡವಿ, ಸೆರಗು ಸಿಂಬಿ ಸುತ್ತಿ, ಕುರ್ಚಿಯನ್ನು ತಲೆ ಮೇಲೆ ಇಟ್ಟುಕೊಂಡಳು. ಹೆಡ್ಮಾಸ್ಟರು ಗಾಬರಿಬಿದ್ದು ಓಡಿ ಬಂದರು. "ಅಮ್ಮಾ, ಅದು ಸರ್ಕಾರದ ಆಸ್ತಿ, ಸ್ಟಾಕಿನಲ್ಲಿದೆ, ಹಾಗೆಲ್ಲ ಹೊರಗೆ ಹೋಗಕೂಡದು!" ಅತ್ತೆ ಕುರ್ಚಿಯ ಕೆಳಗಿಂದಲೇ ಉತ್ತರ ಕೊಟ್ಟಳು. "ಮೇಷ್ಟ್ರು ಸರ್ಕಾರದ ಆಸ್ತಿ ಅಲ್ವಾ ಸಾ? ಅವರು ಓಗ್ಬೋದಾ?" ಕೊನೆಗೆ ಆ ಪುಣ್ಯಾತ್ಮರು, ನೌಕರರು ಕೆಲಸದ ಮೇಲೆ ಆಚೆ ಹೋಗುವಾಗ ಬರೆಯುವ ಪುಸ್ತಕವಿರುತ್ತದಲ್ಲ, ಅದರಲ್ಲಿ ಬರೆದುಕೊಂಡರು: "ಕುರ್ಚಿ ಒಂದು, ಕಚೇರಿ ಕೆಲಸದ ನಿಮಿತ್ತ ಹೋಗಿದೆ." ಮೇಷ್ಟ್ರು ಹೋದದ್ದು ಆ ಪುಸ್ತಕದಲ್ಲಿ ಎಂದೂ ದಾಖಲಾಗಿರಲಿಲ್ಲ, ಕುರ್ಚಿ ಹೋದದ್ದು ದಾಖಲಾಯಿತು.

ಬಸ್ಸಿನಲ್ಲಿ ಕಂಡಕ್ಟರು ಸುಮ್ಮನಿರುತ್ತಾನೆಯೇ? "ಅವ್ವಾ, ಕುರ್ಚಿಗೂ ಟಿಕೀಟು ತಗೋಬೇಕು." ಅತ್ತೆ ತಾನು ಬಸ್ಸಿನ ನೆಲದ ಮೇಲೆ ಕೂತು, ಕುರ್ಚಿಯನ್ನು ಸೀಟಿನ ಪಕ್ಕ ನಿಲ್ಲಿಸಿದ್ದಳು. "ಇದ್ರ ಮೇಷ್ಟ್ರು ಆಪೀಸ್ನಾಗವ್ರೆ. ಬಾ ತೋರುಸ್ತೀನಿ, ಅವ್ರ ತಾವ ಇಸ್ಕೋ" ಅಂದಳು. ಖಾಲಿ ಕುರ್ಚಿ ಅಂತ ಯಾರೋ ಕೂರಲು ಬಂದರೆ "ಏಯ್, ಗಣಿತ ಬತ್ತದಾ ನಿಂಗೆ? ಬರಾಕಿಲ್ವಾ? ಮತ್ತೆ ನಿಂತ್ಕೋ" ಅಂತ ಗದರಿದಳಂತೆ.

ಕಚೇರಿಯ ಸಾಹೇಬರ ಎದುರು ಕುರ್ಚಿ ಇಳಿಸಿ, ತಾನು ಅದರ ಪಕ್ಕ ನೆಲದ ಮೇಲೆ ಕೂತಳು.

"ಏನಮ್ಮಾ ಇದು?"

"ನಮ್ ಮೇಷ್ಟ್ರ ಕುರ್ಚಿ ಸಾ. ಅವ್ರು ಇಲ್ಲೇ ಅವ್ರಂತಲ್ಲ. ಪಾಪ, ಅಷ್ಟ್ ವರ್ಷದಿಂದ ನಿಂತ್ಕಂಡೇ ಕೆಲ್ಸ ಮಾಡ್ತಾವ್ರೋ ಏನೋ ಅಂತ ತಂದೆ."

ಸಾಹೇಬರು ಬುದ್ಧಿ ಹೇಳಿದರು. "ನೋಡಮ್ಮಾ, ಇಲ್ಲಿ ಸಿಬ್ಬಂದಿ ಕೊರತೆ. ಆಫೀಸೂ ನಡೀಬೇಕಲ್ವಾ?"

"ಆಪೀಸು ಯಾಕ್ ನಡೀಬೇಕು ಸಾ?"

ಅವರ ಸರ್ವಿಸ್ಸಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ತಡವರಿಸಿದರು. "ಯಾಕೆ ಅಂದ್ರೆ... ಸ್ಕೂಲುಗಳು ಸರಿಯಾಗಿ ನಡೀಲಿ ಅಂತ."

"ನಮ್ ಇಸ್ಕೂಲು ನಡೀತಾ ಇಲ್ವಲ್ಲ. ಅಂಗಾರೆ ಆಪೀಸ್ಗೆ ಬೀಗ ಆಕಿ!"

ಆಮೇಲೆ ಕುರ್ಚಿ ತಲುಪಿದ್ದಕ್ಕೆ ಚೀಟಿ ಕೇಳಿದಳು. ಗುಮಾಸ್ತ ಅಂಥ ಚೀಟಿ ಯಾವುದೂ ಇಲ್ಲ ಅಂದ. ಚೀಟಿ ಸಿಗದೆ ಅತ್ತೆ ಬಿಡುವವಳಲ್ಲವಲ್ಲ! ಅವತ್ತಿನಿಂದ ದಿನವೂ ಬೆಳಗಿನ ಹಾಲು ಹಾಕಿ ಬಸ್ಸಿಗೆ ಬರುವುದು, ವರಾಂಡದ ನಟ್ಟನಡುವೆ ಕುರ್ಚಿಯ ಕಾಲ ಬಳಿ ಕೂರುವುದು, ಸಂಜೆ ಹಾಲಿನ ಹೊತ್ತಿಗೆ ಕುರ್ಚಿಯನ್ನು ಅಲ್ಲೇ ಬಿಟ್ಟು ವಾಪಸು ಹೋಗುವುದು. ಬಂದವರೆಲ್ಲ "ಏನಿದು?" ಅಂತ ಕೇಳುವುದು, ಅವಳು ಮೊದಲಿನಿಂದ ಹೇಳುವುದು. ಎರಡು ವಾರ ತಡೆದುಕೊಂಡರು. ಕೊನೆಗೆ "ಆಡಳಿತದ ಹಿತದೃಷ್ಟಿಯಿಂದ" ಅಂತ ಆದೇಶ ಹೊರಟಿತು. ಮೇಷ್ಟ್ರು, ಕುರ್ಚಿ, ಅತ್ತೆ ಮೂವರೂ ಒಂದೇ ಬಸ್ಸಿನಲ್ಲಿ ಊರಿಗೆ ಬಂದರು. ಸ್ಟಾಪಿನಿಂದ ಸ್ಕೂಲಿನವರೆಗೆ ಕುರ್ಚಿ ಹೊತ್ತವರು ಮೇಷ್ಟ್ರು.

ಆ ಮೇಷ್ಟ್ರು ಕೆಟ್ಟವರೇನಲ್ಲ, ಒಳ್ಳೆಯ ಪಾಠಗಾರರು. ಅತ್ತೆಯ ಚಿಕ್ಕಮಗಳು ಮೊದಲ ಸಲಕ್ಕೇ ಗಣಿತ ದಾಟಿದಳು, ಅವಳ ಜೊತೆಯವರೂ ಮುಕ್ಕಾಲುಪಾಲು ದಾಟಿದರು. ಇದಕ್ಕೆ ಮೇಲಿನವರು ಕೊಟ್ಟ ಕಾರಣವೇನು ಗೊತ್ತೇ? ಇಲಾಖೆಯ ವಿಶೇಷ ಕಾರ್ಯಯೋಜನೆಯಂತೆ! ಸಭೆ ಮಾಡಿ ಹಾರ ಹಾಕಿಸಿಕೊಂಡರು. ಸ್ಕೂಲಿಗೆ ಮೇಷ್ಟ್ರು ಬಂದದ್ದರಿಂದ ಮಕ್ಕಳು ಕಲಿತರು ಅನ್ನುವಷ್ಟು ಸಾದಾ ಮಾತನ್ನು ಯಾರ ಬಾಯಿಯೂ ಆಡಲಿಲ್ಲ. ಆಡಿದರೆ, ಮೇಷ್ಟ್ರನ್ನು ಕಿತ್ತುಕೊಂಡು ಹೋಗಿದ್ದವರು ಯಾರು ಅಂತ ಕೇಳಬೇಕಾಗುತ್ತಿತ್ತಲ್ಲ!

ಇಷ್ಟೊತ್ತು ನಾನು ಬೇರೆಯವರ ಮೇಲೆ ಹಾರಾಡಿದ್ದಾಯಿತು. ಈಗ ನನ್ನ ವಿಷಯ.

ನಾನೂ ಗಣಿತದ ಮೇಷ್ಟ್ರು ಅಂದೆನಲ್ಲ, ನನ್ನ ಸ್ಕೂಲು ಚಿಕ್ಕಯ್ಯನಛತ್ರ ದಾಟಿ ಇನ್ನೂ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಎರಡು ವರ್ಷ ಓಡಾಡಿ ಸಾಕಾಗಿ, ಅವರಿವರನ್ನು ಹಿಡಿದು, ಮನೆಗೆ ಹತ್ತಿರದ ಒಂದು ಶಿಕ್ಷಣ ಕಚೇರಿಗೆ ಡೆಪ್ಯುಟೇಶನ್ ಹಾಕಿಸಿಕೊಂಡಿದ್ದೆ. ಯಾವ ಕಚೇರಿ ಅಂತ ಕೇಳಬೇಡಿ, ಹೇಳುವುದಿಲ್ಲ. ಮನೆ ಊಟ, ಫ್ಯಾನು, ಹತ್ತೂವರೆಗೆ ಬೋಂಡ. ಐದು ವರ್ಷ ಕಳೆದದ್ದೇ ತಿಳಿಯಲಿಲ್ಲ. ಅತ್ತೆಯ ಕುರ್ಚಿ ಕಥೆಯನ್ನು ಅಭಿನಯ ಸಮೇತ ಹೇಳಿ ಕಚೇರಿಯವರನ್ನೆಲ್ಲ ನಗಿಸುತ್ತಿದ್ದವನು ನಾನೇ! ತಲೆ ಮೇಲೆ ಫೈಲು ಇಟ್ಟುಕೊಂಡು ಅತ್ತೆಯ ನಡಿಗೆ ನಡೆದು ತೋರಿಸುತ್ತಿದ್ದೆ. ಆ ಕಥೆಯ ಮೇಷ್ಟ್ರಿಗೂ ನನಗೂ ವ್ಯತ್ಯಾಸವಿಲ್ಲ ಅನ್ನುವುದು ಮಾತ್ರ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯಲು ನಾನು ಬಿಡಲಿಲ್ಲವೋ.

ಕಚೇರಿಯಲ್ಲಿ ನನ್ನ ಕೆಲಸವೇನು ಅಂತ ಕೇಳಿದರೆ ನೀವು ಬೈಯುತ್ತೀರಿ. ಬೈಯಿರಿ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಯಾವ ಸ್ಕೂಲು ಯಾವ ವಿಷಯದಲ್ಲಿ ಹಿಂದೆ ಬಿದ್ದಿದೆ ಅಂತ ಬಣ್ಣಬಣ್ಣದ ಚಾರ್ಟು ಬರೆಯುವುದು, ಹಿಂದೆ ಬಿದ್ದ ಸ್ಕೂಲುಗಳಿಗೆ ಕಾರಣ ಕೇಳಿ ನೋಟೀಸು ತಯಾರಿಸುವುದು. ಒಂದು ವರ್ಷ ಗಣಿತದಲ್ಲಿ ತೀರಾ ಕೆಳಗಿದ್ದ ಸ್ಕೂಲು ನನ್ನದೇ. ನಾನೇ ನೋಟೀಸು ಬರೆದೆ: "ಗಣಿತ ವಿಷಯದಲ್ಲಿ ಫಲಿತಾಂಶ ಕುಸಿದಿರುವುದಕ್ಕೆ ಕಾರಣವೇನು? ತಕ್ಷಣ ಉತ್ತರಿಸತಕ್ಕದ್ದು." ಆ "ತಕ್ಷಣ"ದ ಕೆಳಗೆ ಗೆರೆ ಬೇರೆ ಎಳೆದಿದ್ದೆ! ವಾರದಲ್ಲಿ ನಮ್ಮ ಹೆಡ್ಮಾಸ್ಟರ ಉತ್ತರ ಬಂತು. ಒಂದೇ ಸಾಲು: "ಗಣಿತ ಶಿಕ್ಷಕರು ತಮ್ಮ ಕಚೇರಿಯಲ್ಲಿಯೇ ಇರುತ್ತಾರೆ." ನಾನು ಅದನ್ನು ಓದಿ, ಮುದ್ರೆ ಒತ್ತಿ, ನಂಬರು ಹಾಕಿ, ಫೈಲಿಗೆ ಸೇರಿಸಿ, ಬೋಂಡ ತಿನ್ನಲು ಹೋದೆ. ದೇವರಾಣೆಗೂ ಹೀಗೇ ನಡೆಯಿತು. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಒಂದು ಹುಣ್ಣಿಮೆಯ ದಿನ ಅತ್ತೆ ನಂಜನಗೂಡಿಗೆ ಬಂದು, ದೇವರ ದರ್ಶನ ಮುಗಿಸಿ, ಅವರೆಕಾಯಿ ಚೀಲದೊಡನೆ ನಮ್ಮ ಮನೆಗೆ ಬಂದಳು. ಗಂಟೆ ಹತ್ತಾಗಿತ್ತು. ನಾನಿನ್ನೂ ಶರಟಿಗೆ ಗುಂಡಿ ಹಾಕಿಕೊಳ್ಳುತ್ತಿದ್ದೆ.

"ಇಷ್ಟೊತ್ಗೆ ಮನೇಲಿದ್ದೀಯಲ್ಲ, ಬಸ್ಸು ತಪ್ಪೋಯ್ತಾ ಮಗ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನನ್ನ ಹೆಂಡತಿ ಕೂಗಿದಳು. "ಅವರೆಲ್ಲಿ ಸ್ಕೂಲಿಗೆ ಹೋಗ್ತಾರೆ ಅತ್ತೆ? ಆಫೀಸಿಗೆ ಹಾಕಿಸ್ಕೊಂಡು ಐದು ವರ್ಷ ಆಯ್ತಲ್ಲ! ನಿಮಗೆ ಹೇಳೇ ಇಲ್ವಾ?"

ಅತ್ತೆ ನನ್ನ ಮುಖವನ್ನೇ ನೋಡಿದಳು. ಕಾಫಿ ಲೋಟ ಕೆಳಗಿಟ್ಟಳು. ಬೈಯುತ್ತಾಳೆ ಅಂತ ಕಾದೆ, ಬೈಯಲಿಲ್ಲ. "ಯಾವೂರ್ಲಾ ನಿನ್ ಇಸ್ಕೂಲು?" ಅಂತ ಇನ್ನೊಮ್ಮೆ ಕೇಳಿಕೊಂಡು, ಕಾಫಿ ಪೂರ್ತಿ ಕುಡಿಯದೆ ಹೊರಟುಹೋದಳು.

ಮೂರನೆಯ ದಿನ ಕಚೇರಿಯಲ್ಲಿ ಫಲಿತಾಂಶ ಸುಧಾರಣೆಯ ಸಭೆ. ಇಪ್ಪತ್ತಕ್ಕೂ ಹೆಚ್ಚು ಹೆಡ್ಮಾಸ್ಟರುಗಳು ಸಾಲಾಗಿ ಕೂತಿದ್ದಾರೆ. ನಮ್ಮ ಸಾಹೇಬರು ನನ್ನ ಚಾರ್ಟಿಗೆ ಕೋಲು ತೋರಿಸಿ, ಒಬ್ಬೊಬ್ಬರನ್ನೇ ನಿಲ್ಲಿಸಿ, "ಸ್ಪೆಷಲ್ ಕ್ಲಾಸು ಯಾಕೆ ಮಾಡ್ಲಿಲ್ಲ?" ಅಂತ ಝಾಡಿಸುತ್ತಿದ್ದಾರೆ. ಮಾಮೂಲು ಕ್ಲಾಸಿಗೇ ಮೇಷ್ಟ್ರಿಲ್ಲದ ಕಡೆ ಸ್ಪೆಷಲ್ ಕ್ಲಾಸನ್ನು ಗೋಡೆ ತೆಗೆದುಕೊಳ್ಳಬೇಕೇ? ಆದರೆ ಹಾಗಂತ ಕೇಳುವ ಗಂಡಸು ಆ ಕೋಣೆಯಲ್ಲಿ ಒಬ್ಬನೂ ಇರಲಿಲ್ಲ, ನಾನೂ ಸೇರಿ. ಆಗ ಬಾಗಿಲಲ್ಲಿ ನಾಲ್ಕು ಮರದ ಕಾಲು ಕಾಣಿಸಿದವು. ಅವುಗಳ ಕೆಳಗೆ ಅತ್ತೆಯ ಮುಖ.

"ಅಯ್ಯಯ್ಯೋ, ಕುರ್ಚಿ ಅತ್ತೆ ಬಂದ್ರು!" ಅಂತ ನಮ್ಮ ಗುಮಾಸ್ತ ಕೂಗಿದ. ಕಥೆ ಹೇಳಿ ಹೇಳಿ ಆ ಹೆಸರು ಇಟ್ಟಿದ್ದವನು ನಾನೇ ತಾನೆ! ಎಲ್ಲರೂ ಗೊಳ್ಳೆಂದರು. ನಾನೂ ಅಭ್ಯಾಸಬಲದಿಂದ ಒಂದು ಕ್ಷಣ ನಕ್ಕೆ.

"ಯಾರ ಕುರ್ಚಿ ಅತ್ತೆ ಇದು?"

"ನಿಂದೇ ಕಣ್ಲಾ. ಧೂಳ್ ಒರಸ್ಕಂಡ್ ತಂದಿವ್ನಿ. ಕುಂತ್ಕೋ."

ನನ್ನ ಸ್ಕೂಲಿನ ಹೆಸರು ಕುರ್ಚಿಯ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿತ್ತು. ಇಡೀ ಕೋಣೆ ಒಮ್ಮೆ ಕುರ್ಚಿ ನೋಡಿತು, ಒಮ್ಮೆ ಅದೇ ಹೆಸರಿದ್ದ ಚಾರ್ಟಿನ ಕೊನೆಯ ಸಾಲು ನೋಡಿತು, ಆಮೇಲೆ ನನ್ನನ್ನು ನೋಡಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ! ಅವಳ ತೋಳು ಹಿಡಿದು ಹೊರಗೆ, ಕಾಂಪೌಂಡಿನ ಹೊಂಗೆ ಮರದ ಕೆಳಗೆ ಎಳೆದುಕೊಂಡು ಹೋದೆ. "ಅತ್ತೆ, ನಿನ್ನ ಮಗಳು ಪಾಸಾದಳಲ್ಲ! ಆ ಊರಿಗೂ ನಿನಗೂ ಏನು ಸಂಬಂಧ? ಸ್ವಂತ ಅಣ್ಣನ ಮಗನ ಮಾನ ಹೀಗೆ ಕಳೀತೀಯಲ್ಲ, ನಿನಗೆ ನಾನೇನು ಮಾಡಿದ್ದೆ?" ಅಂತ ಕಿರುಚಿದೆ.

ಅತ್ತೆ ಮರದ ಬುಡದಲ್ಲಿ ಕೂತು, ತಲೆಯ ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡಳು. ನಿಧಾನವಾಗಿ ಹೇಳಿದಳು.

"ನಿನ್ ಇಸ್ಕೂಲ್ ತಾವ ಒಂದ್ ಎಣ್ಮಗ ಸಿಕ್ತು ಕಣ್ಲಾ. ಅತ್ತನೇ ಕ್ಲಾಸಂತೆ. ಎಂಗ್ ಓದ್ತಿದ್ದೀಯವ್ವ ಅಂದೆ. 'ಲೆಕ್ಕ ಒಂದ್ ಬುಟ್ಟು ಮಿಕ್ಕಿದ್ದೆಲ್ಲ ಓದ್ತಿವ್ನಿ ಅಜ್ಜಿ, ಲೆಕ್ಕ ನನ್ ತಲೇಗೆ ಅತ್ತಾಕಿಲ್ಲ' ಅಂತು. ಅಂಗಂತ ಯಾರ್ ಏಳುದ್ರವ್ವ ಅಂದ್ರೆ, ಎಲ್ರೂ ಅಂತಾರೆ ಅಂತು."

ಕೆಳಗೆ ಬಿದ್ದಿದ್ದ ಒಂದು ಹೊಂಗೆ ಎಲೆ ಎತ್ತಿಕೊಂಡು ಮಡಿಚಿದಳು.

"ಅವತ್ತು ನಮ್ ದೊಡ್ಮಗಳ್ಗೂ ನೀನು ಅಂಗೇ ಏಳ್ದೆ. ನಾನು ನಂಬ್ಬುಟ್ಟೆ. ಓದ್ದೋನು, ನಮ್ಮೋನು, ಸುಳ್ ಏಳ್ತಾನಾ ಅಂತ. ಅವಳ್ನ ಕೂರ್ಸ್ಕಂಡು ನಾನೂ ಬೈದೆ ಕಣ್ಲಾ, ದಡ್ಡಿ ಅಂತ. ಮೂರ್ ವರ್ಷ ಪಾಠ ಮಾಡೋರೇ ಇರ್ಲಿಲ್ಲ ಅಂತ ನಂಗೆ ಗೊತ್ತೇ ಇರ್ಲಿಲ್ವಲ್ಲ! ನಿಂಗೂ ಗೊತ್ತಿರ್ಲಿಲ್ಲ, ಬುಡು. ಆದ್ರೆ ಈಗ ಗೊತ್ತಲ್ಲ ಮಗ."

ಯಾವುದಕ್ಕೂ ಕಣ್ಣಲ್ಲಿ ನೀರು ಹಾಕದ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವಳ ದೊಡ್ಡಮಗಳ ಓದನ್ನು ಹತ್ತು ನಿಮಿಷದಲ್ಲಿ ಮುಗಿಸಿದವನು ನಾನು. ಒಂದು ಮಾತು, "ನಿಮಗೆ ಪಾಠ ಯಾರು ಮಾಡ್ತಾರಮ್ಮಾ?" ಅಂತ ಕೇಳಿದ್ದರೆ ಸಾಕಿತ್ತು. ಮೇಷ್ಟ್ರ ಕೆಲಸಕ್ಕೆ ಸೇರಿದ್ದವನಿಗೆ ಅದೊಂದು ಪ್ರಶ್ನೆ ಹೊಳೆದಿರಲಿಲ್ಲ.

ಅವತ್ತೇ ಸ್ಕೂಲಿಗೆ ವಾಪಸು ಕಳಿಸಿ ಅಂತ ಅರ್ಜಿ ಬರೆದುಕೊಟ್ಟೆ. ಸಾಹೇಬರು ಅದನ್ನು ಹಿಂದುಮುಂದು ತಿರುಗಿಸಿ ನೋಡಿದರು. "ಇಲ್ಲಿಗೆ ಬರ್ತೀನಿ ಅಂತ ಎಲ್ಲರೂ ಕೊಡ್ತಾರೆ. ಹೋಗ್ತೀನಿ ಅಂತ ಇದುವರೆಗೂ ಯಾರೂ ಕೊಟ್ಟಿಲ್ಲ ಕಣ್ರೀ. ಇದನ್ನ ಯಾವ ಫೈಲಿಗೆ ಹಾಕೋದು?" ಅಂದರು. ಫೈಲು ಹುಡುಕುವಷ್ಟರಲ್ಲಿ ತಿಂಗಳಾಯಿತು. ಒಂದು ಸೋಮವಾರ ಬೆಳಗಿನ ಅದೇ ಒಂದು ಬಸ್ಸಿಗೆ ನನ್ನ ಕುರ್ಚಿಯನ್ನು ನಾನೇ ಹತ್ತಿಸಿಕೊಂಡು ಹೋದೆ.

ಆ ವರ್ಷ ಹತ್ತನೆಯವರಿಗೆ ಭಾನುವಾರವೂ ಕ್ಲಾಸು ಇಟ್ಟುಕೊಂಡೆ, ಐದು ವರ್ಷದ ತಪ್ಪು ಒಂದಿಷ್ಟಾದರೂ ತೀರಲಿ ಅಂತ. ಎರಡನೆಯ ಭಾನುವಾರ ಬಾಗಿಲ ಬಳಿ ಅತ್ತೆ ನಿಂತಿದ್ದಳು. ಅವಳ ಹಿಂದೆ ದೊಡ್ಡಮಗಳು, ಕಂಕುಳಲ್ಲಿ ಕೂಸು. ಹದಿನಾರಿನ ಕಡೆಯಿಂದ ಬಸ್ಸು ಬದಲಾಯಿಸಿ ಬಂದಿದ್ದರು. ಕೈಯಲ್ಲಿ ಮಡಿಕೆ ಬಿದ್ದು ಹರಿಯಲಾದ ಹಳೆಯ ಮಾರ್ಕ್ಸ್ ಕಾರ್ಡು. "ಇವಳೂ ಕಟ್ತಾಳಂತೆ. ಇಂದ್ಗಡೆ ಕುಂತ್ಕತಾಳೆ" ಅಂದಳು ಅತ್ತೆ, ನನ್ನ ಕಡೆ ನೋಡದೆ.

ನಾನು ಬೇಕೆಂದೇ ಅದೇ ಲೆಕ್ಕ ತೆಗೆದುಕೊಂಡೆ. ಬೋರ್ಡಿನ ಮೇಲೆ ಒಂದು ಚೌಕದ ಗದ್ದೆ ಬರೆದೆ. ಒಂದು ಬದಿಯನ್ನು ಎ ಮತ್ತು ಬಿ ಅಂತ ಎರಡು ಭಾಗ ಮಾಡಿದೆ, ಇನ್ನೊಂದು ಬದಿಯನ್ನೂ ಹಾಗೇ ಮಾಡಿದೆ, ನಡುವೆ ಬದು ಎಳೆದೆ. "ಎಷ್ಟು ಪಾತಿ ಆಯ್ತು, ಒಂದೊಂದೂ ಎಷ್ಟೆಷ್ಟು, ಯಾರು ಹೇಳ್ತೀರಿ?" ಅಂತ ಕೇಳಿ ತರಗತಿಯ ಹಿಂದಕ್ಕೆ ಹೋಗಿ ನಿಂತೆ. ಹತ್ತನೆಯ ಕ್ಲಾಸಿನ ಮಕ್ಕಳು ಬರೆಯುವ ಮೊದಲೇ ಅವಳು ಕೂಸನ್ನು ಅವ್ವನ ಕೈಗೆ ಕೊಟ್ಟು, ಬೋರ್ಡಿನ ಹತ್ತಿರ ಹೋಗಿ, ಚಾಕ್‌ಪೀಸು ತೆಗೆದುಕೊಂಡು ನಾಲ್ಕು ಪಾತಿಗೂ ಲೆಕ್ಕ ಬರೆದಳು. ಎ ಸ್ಕ್ವೇರು, ಬಿ ಸ್ಕ್ವೇರು, ಎ ಬಿ ಎರಡು ಸಲ. ತಿರುಗಿ ನನ್ನನ್ನು ನೋಡಿದಳು.

"ಇಷ್ಟೇನಾ ಬಾವ?"

"ಇಷ್ಟೇ ಕಣಮ್ಮಾ. ನಿನ್ನ ತಲೆಗೆ ಅವತ್ತೂ ಹತ್ತುತ್ತಿತ್ತು. ತಪ್ಪು ಹೇಳಿದವನು ನಾನು" ಅಂದೆ, ಎಲ್ಲ ಮಕ್ಕಳ ಎದುರಿಗೇ. ಅವಳು ಬೋರ್ಡಿನ ಕಡೆ ತಿರುಗಿ ಮುಂದಿನ ಲೆಕ್ಕ ಬರೆದುಕೊಂಡು ಬಿಡಿಸತೊಡಗಿದಳು.

ಬಾಗಿಲ ಬಳಿ ನಿಂತಿದ್ದ ಅತ್ತೆ ಕೂಸನ್ನು ಎದೆಗೆ ಒತ್ತಿಕೊಂಡು ಒಳಗೆ ಬಂದಳು. ಬೋರ್ಡಿನ ಪಕ್ಕ ನನ್ನ ಕುರ್ಚಿ ಖಾಲಿ ಇತ್ತು. ಅದರ ಕೈಯನ್ನು ಒಮ್ಮೆ ಸವರಿ ನೋಡಿ, ಮೆಲ್ಲಗೆ ಅದರ ಮೇಲೆ ಕೂತಳು. ಮಗಳು ಲೆಕ್ಕ ಬಿಡಿಸಿ ಮುಗಿಸುವವರೆಗೂ ಅವಳು ಏಳಲಿಲ್ಲ. ಏಳು ಅಂತ ನಾನೂ ಹೇಳಲಿಲ್ಲ.